‘ಎ’ ಅಂದರೆ ನನಗೆ ಗೊತ್ತು, ನಿಮಗೆ ಗೊತ್ತಿಲ್ಲ

ಸಭೆಯ ಅಧ್ಯಕ್ಷರೆ, ಪೂಜ್ಯ ಪಾದ್ರಿಗಳೆ, ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮನ್ನಗಲಿದ ತಾರು ಮಾಷ್ ಅವರ ಪತ್ನಿ, ನಮಗೆಲ್ಲ ಅಕ್ಕನಂತಿರುವ ತಾಂಡಮ್ಮ ಚೇಡತ್ತಿಯವರೆ, ಮಗಳು ಶೀಬಾ, ಮಾಷ್ ಕೈಯಲ್ಲಿ ಪೆಟ್ಟು ತಿಂದವರೆ, ಪೆಟ್ಟು ತಪ್ಪಿಸಿಕೊಂಡವರೆ, ಕುನ್ನಂಕುಳಂ ಪೇಟೆಯಲ್ಲಿ ಪ್ರೆಸ್ಸು ನಿಲ್ಲಿಸಿ, ಅಂಗಡಿ ಬಾಗಿಲು ಹಾಕಿ ಈ ವಾಚನಾಲಯದ ಅಂಗಳಕ್ಕೆ ಬಂದಿರುವವರೆ — ಎಲ್ಲರಿಗೂ ತಲೆಬಾಗಿ ನಮಸ್ಕಾರ. ಈ ತಲೆ ಇವತ್ತು ಮೇಲೇಳುವುದಿಲ್ಲ. ಹಾಗೇ ಮಾತಾಡುತ್ತೇನೆ, ಮೈಕು ಸ್ವಲ್ಪ ಕೆಳಗೆ ಮಾಡಿಕೊಡಿ.

ಸಾಕು, ಸಾಕು. ಹಾಂ.

ಕಾರ್ಯದರ್ಶಿಗಳು ಈಗ ತಾನೆ ನನ್ನ ಬಗ್ಗೆ ಹೇಳಿದರು — ತಾರು ಮಾಷ್ ಅವರ ನೆಚ್ಚಿನ ಸಹೋದ್ಯೋಗಿ, ನಮ್ಮ ಹೈಸ್ಕೂಲಿನ ನಿವೃತ್ತ ಮುಖ್ಯೋಪಾಧ್ಯಾಯರು, ಅವರಿಂದ ಎರಡು ಮಾತು. ನೀವು ಚಪ್ಪಾಳೆ ತಟ್ಟಿದಿರಿ. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದು, ಅದು ಹಾಗಿರಲಿ. ನನಗೆ ಯಾವ ಸಭೆಯಲ್ಲೂ ತಟ್ಟಬಾರದು.

ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣ ಎಂದುಕೊಂಡರೆ ನಾನು ಹೇಳುವವನಲ್ಲ, ನನ್ನನ್ನು ನಾನು ಬಲ್ಲೆ. ಮೂವತ್ತೊಂದು ವರ್ಷದ ಹಿಂದೆ ಕ್ರಿಸ್‌ಮಸ್ ಪರೀಕ್ಷೆಯ ಇಂಗ್ಲಿಷ್ ಪ್ರಶ್ನೆಪತ್ರಿಕೆ ಹೊರಗೆ ಬಿತ್ತಲ್ಲ — ಅದಕ್ಕಾಗಿ ತಾರು ಮಾಷ್ ಅವರನ್ನು ಸಸ್ಪೆಂಡ್ ಮಾಡಿದರಲ್ಲ — ಅದನ್ನು ಹೊರಗೆ ಹಾಕಿದವರು ತಾರು ಮಾಷ್ ಅಲ್ಲ. ನಾನು.

ಕೂತುಕೊಳ್ಳಿ. ಪಾವುಣ್ಣಿ, ನೀನೂ ಕೂತುಕೋ. ಹೊಡೆಯುವುದಾದರೆ ಆಮೇಲೆ ಹೊಡಿ, ನಾನು ಹಿಂದಿನ ಬಾಗಿಲಿನಿಂದ ಓಡಿಹೋಗುವುದಿಲ್ಲ. ಪೂರ್ತಿ ಕೇಳಿ.

ತಾರು ಮಾಷ್ ಇಡೀ ಆಯುಷ್ಯ ಕಲಿಸಿದ್ದು ಮೂರೇ ಮೂರು ಪದ ಎಂದು ನಾವು ನಗುತ್ತಿದ್ದೆವು. ‘ಎ’, ‘ಆ್ಯನ್’, ‘ದಿ’. ನಮ್ಮ ಮಕ್ಕಳಿಗೆ ಅದು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳು. ನಮ್ಮ ಭಾಷೆಯಲ್ಲಿ ‘ಒಂದು ಹತ್ತು ಗಂಟೆಗೆ ಬರ್ತೀನಿ’ ಎಂದರೆ ಹತ್ತರ ಸುಮಾರಿಗೆ ಎಂದರ್ಥ. ನಮ್ಮ ಹುಡುಗರು ಅದನ್ನೇ ಇಂಗ್ಲಿಷಿನಲ್ಲಿ ‘ವನ್ ಟೆನ್ ಓ ಕ್ಲಾಕ್’ ಎಂದು ಬರೆದು ಹಾಯಾಗಿ ಮನೆಗೆ ಹೋಗುತ್ತಿದ್ದರು. ಇದೇ ಪಾವುಣ್ಣಿ — ಹೌದಪ್ಪ, ನೀನೇ — ಒಂದು ಸಲ ‘ವನ್ ಪೊಲೀಸ್ ಕೇಮ್’ ಎಂದು ಬರೆದಿದ್ದ.

ಮಾಷ್ ಕನ್ನಡಕವನ್ನು ಹಣೆಗೇರಿಸಿ ಕೇಳಿದರು, “ಒಬ್ಬನೇ ಬಂದನೇನೋ? ಜೀಪು ಯಾರು ಓಡಿಸಿದರು, ನಿಮ್ಮಪ್ಪನಾ?”

“ಒಬ್ಬ ಪೊಲೀಸು ಅಂತ ಮಾಷೆ...”

“‘ಎ’ ಅಂದ್ರೆ ಲೆಕ್ಕ ಅಲ್ವೋ ಕತ್ತೆ! ಅಕ್ಕಿ ಅಳೀತಿದ್ದೀಯಾ? ‘ಎ’ ಅಂದ್ರೆ ನನಗೆ ಗೊತ್ತು, ನಿನಗಿನ್ನೂ ಗೊತ್ತಿಲ್ಲ ಅಂತ. ‘ದಿ’ ಅಂದ್ರೆ ನನಗೂ ಗೊತ್ತು, ನಿನಗೂ ಗೊತ್ತು ಅಂತ. ಅಷ್ಟೇ ಕಣೋ. ಬಾಯಿ ತೆಗೆಯೋಕೆ ಮುಂಚೆ ಕೇಳೋನ ಮುಖ ನೋಡು. ಅವನಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಅಂತ ನೋಡು. ಅದು ಮರ್ಯಾದೆ. ಗ್ರಾಮರ್ ಆಮೇಲೆ.”

ನಾನು ಆಗ ಹೊಸಬ. ಇಪ್ಪತ್ತೇಳು ವರ್ಷ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮಾಷ್ ಹಿರಿಯ ಇಂಗ್ಲಿಷ್ ಮೇಷ್ಟರು, ನಾನು ಕಿರಿಯ. ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಊಟ. ತಾಂಡಮ್ಮ ಚೇಡತ್ತಿ, ನಿಮ್ಮ ಕೈಯ ಮೀನು ಹುಳಿಯನ್ನು ಮಾಷ್ ಡಬ್ಬಿಯ ಮುಚ್ಚಳದಲ್ಲಿ ಹಾಕಿ ನನಗೆ ಕೊಡುತ್ತಿದ್ದರು. ಎರಡು ವರ್ಷ ತಿಂದಿದ್ದೇನೆ. ಅದು ಗೊತ್ತಿರಲಿ ನಿಮಗೆ.

ನನ್ನ ಹೆಂಡತಿಯ ಅಣ್ಣ ವಿಶ್ವಂಭರನ್ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಟ್ಯುಟೋರಿಯಲ್ ನಡೆಸುತ್ತಿದ್ದ. ಈಗ ಅವನಿಲ್ಲ. ಪರೀಕ್ಷೆಗೆ ನಾಲ್ಕು ದಿನ ಮುಂಚೆ ‘ಲಾಸ್ಟ್ ಗೆಸ್’ ಎಂದು ಒಂದು ಹಾಳೆ ಅಚ್ಚು ಹಾಕಿಸಿ ಹಂಚುತ್ತಿದ್ದ — ಯಾವ ಪ್ರಶ್ನೆ ಬರಬಹುದು ಎಂಬ ಊಹೆ. ಆ ವರ್ಷ ಅವನ ಊಹೆ ಓಣಂ ಪರೀಕ್ಷೆಯಲ್ಲಿ ಒಂದೂ ನಿಜವಾಗಿರಲಿಲ್ಲ. ಮಕ್ಕಳು ಎದುರಿನ ಟ್ಯುಟೋರಿಯಲ್‌ಗೆ ಹೋಗತೊಡಗಿದ್ದರು. ಒಂದು ಭಾನುವಾರ ಊಟಕ್ಕೆ ಕೂತಾಗ ಶುರುಮಾಡಿದ.

“ಏನು ಭಾವ, ಹೈಸ್ಕೂಲಲ್ಲಿ ದೊಡ್ಡ ಇಂಗ್ಲಿಷ್ ಮೇಷ್ಟ್ರು ಅಂತಾರೆ. ಒಂದು ಗೆಸ್ ಹೇಳೋಕಾಗಲ್ಲ. ಬರೀ ಇಸ್ತ್ರಿ ಮುಂಡು ಉಟ್ಕೊಂಡು ಓಡಾಡೋದೇನಾ?”

ನನ್ನ ಹೆಂಡತಿ ನಕ್ಕಳು. ಅವಳು ಅಣ್ಣನ ಮಾತಿಗೆ ನಕ್ಕಳು ಅಷ್ಟೆ, ಅವಳದ್ದೇನೂ ತಪ್ಪಿಲ್ಲ. ನನಗೆ ಉರಿಯಿತು.

ಕ್ರಿಸ್‌ಮಸ್ ಪರೀಕ್ಷೆಯ ಪತ್ರಿಕೆ ಇಡೀ ಉಪಜಿಲ್ಲೆಗೆ ಒಂದೇ. ನಮ್ಮ ಶಾಲೆಯ ಕಟ್ಟು ಸೋಮವಾರವೇ ಬಂದು ಆಫೀಸಿನ ಕಬ್ಬಿಣದ ಬೀರುವಿನಲ್ಲಿ ಕೂತಿತ್ತು. ಕೀಲಿಕೈ ತಾರು ಮಾಷ್ ಹತ್ತಿರ. ಶಾಲೆಯ ದೊಡ್ಡ ಡಿಕ್ಷನರಿಯೂ ಅದೇ ಬೀರುವಿನಲ್ಲಿ. ಬುಧವಾರ ಊಟವಾದ ಮೇಲೆ ಕೇಳಿದೆ.

“ಮಾಷೆ, ಬೀರು ಕೀ ಕೊಡಿ. ಡಿಕ್ಷನರಿ ಬೇಕು.”

ಅವರು ಉತ್ತರಪತ್ರಿಕೆ ತಿದ್ದುತ್ತಿದ್ದರು. ತಲೆ ಎತ್ತದೆ ಕೇಳಿದರು, “‘ಎ’ ಡಿಕ್ಷನರಿನೋ, ‘ದಿ’ ಡಿಕ್ಷನರಿನೋ?”

“ಇರೋದೇ ಒಂದು ಮಾಷೆ. ‘ದಿ’.”

“ಭೇಷ್,” ಎಂದರು. ಜೇಬಿನಿಂದ ಕೀಲಿ ತೆಗೆದು — ಹೀಗೆ — ನನ್ನ ಅಂಗೈಯಲ್ಲಿಟ್ಟರು. ಮತ್ತೆ ತಿದ್ದತೊಡಗಿದರು.

ಕಟ್ಟಿನ ಅರಗಿನ ಮುದ್ರೆ ಸರಿಯಾಗಿಯೇ ಇತ್ತು. ಆದರೆ ಮೂಲೆಯಲ್ಲಿ ಕಾಗದ ಹರಿದಿತ್ತು, ಬಸ್ಸಿನಲ್ಲಿ ತರುವಾಗ ಹರಿದಿರಬೇಕು. ಎರಡು ಬೆರಳು ಹಾಕಿ ಒಂದು ಪತ್ರಿಕೆ ಎಳೆದೆ. ಪೂರ್ತಿ ಓದಲಿಲ್ಲ. ಒಂದೇ ಪ್ರಶ್ನೆ ಬರೆದುಕೊಂಡೆ — ಸರಿಯಾದ ಆರ್ಟಿಕಲ್ ತುಂಬಿಸಿ, ಹತ್ತು ಬಿಟ್ಟ ಸ್ಥಳ, ಹತ್ತು ಅಂಕ. ಪತ್ರಿಕೆಯನ್ನು ಮತ್ತೆ ಒಳಗೆ ತುರುಕಿ, ಡಿಕ್ಷನರಿ ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಕೀಲಿ ಹಿಂದಿರುಗಿಸಿದಾಗ ಮಾಷ್ ಕೇಳಿದರು, “ಸಿಕ್ತಾ?” ಸಿಕ್ಕಿತು ಎಂದೆ.

ವಿಶ್ವಂಭರನ್ ಅದನ್ನು ತನ್ನ ಗೆಸ್ ಹಾಳೆಯಲ್ಲಿ ಅಚ್ಚು ಹಾಕಿಸಿದ. ಉತ್ತರದ ಸಮೇತ! ಒಂದೋ ಎರಡೋ ಪದ ಬದಲಿಸಪ್ಪ ಎಂದಿದ್ದೆ, ಮಾಡಲಿಲ್ಲ. ಆ ಮಕ್ಕಳಾದರೂ ವಾಕ್ಯ ಓದಿದರೇ? ಇಲ್ಲ. ಬರೀ ಉತ್ತರವನ್ನು ಬಾಯಿಪಾಠ ಮಾಡಿದರು. ದೋಣಿ ಹುಟ್ಟು ಹಾಕುವವರ ಹಾಗೆ ತಾಳ ಹಾಕಿಕೊಂಡು — ಎ, ದಿ, ದಿ, ಆ್ಯನ್! ಎ, ಎ, ದಿ, ಆ್ಯನ್! ದಿ, ದಿ! ನಿಮ್ಮಲ್ಲಿ ಹಲವರಿಗೆ ಇವತ್ತಿಗೂ ನೆನಪಿದೆ, ಆ ಮೂಲೆಯಲ್ಲಿ ತುಟಿ ಅಲ್ಲಾಡುತ್ತಿದೆ, ನನಗೆ ಕಾಣುತ್ತದೆ.

ಪರೀಕ್ಷೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಮಕ್ಕಳು ಇದೇ ಹಾಡು ಹಾಡುತ್ತಿದ್ದರು. ಪಕ್ಕದೂರ ಶಾಲೆಯ ಹೆಡ್‌ಮಾಷ್ ಅದೇ ಬಸ್ಸಿನಲ್ಲಿದ್ದರು. ಇದ್ಯಾವ ಭಜನೆ ಎಂದುಕೊಂಡರಂತೆ. ಒಂದು ಗಂಟೆ ಕಳೆದು ತಮ್ಮ ಶಾಲೆಯಲ್ಲಿ ಕಟ್ಟು ಒಡೆದು ನೋಡುತ್ತಾರೆ — ಆರನೇ ಪ್ರಶ್ನೆ, ಎ, ದಿ, ದಿ, ಆ್ಯನ್. ಇಡೀ ಉಪಜಿಲ್ಲೆಯ ಪರೀಕ್ಷೆ ರದ್ದು. ಯಾವ ಶಾಲೆಯ ಕಟ್ಟು ಹರಿದಿದೆ ಎಂದು ಹುಡುಕಿದರು. ನಮ್ಮದು. ವಿಶ್ವಂಭರನನ್ನು ಕೇಳಿದರೆ, ಯಾರೋ ಅಂಚೆಯಲ್ಲಿ ಕಳಿಸಿದ್ದು, ಹೆಸರಿರಲಿಲ್ಲ ಎಂದ. ನನ್ನನ್ನು ಉಳಿಸಲು ಹೇಳಿದ, ತನ್ನನ್ನೂ ಉಳಿಸಿಕೊಂಡ.

ವಿಚಾರಣೆ ನಡೆದದ್ದು ನಮ್ಮ ಸ್ಟಾಫ್‌ರೂಮಿನಲ್ಲೇ. ಇಲಾಖೆಯ ಅಧಿಕಾರಿಯೊಬ್ಬರು ಬಂದರು, ಜೊತೆಗೆ ಟೈಪು ಮಾಡಲು ಒಬ್ಬ ಗುಮಾಸ್ತ. ಹನ್ನೊಂದು ಮಂದಿ ಮೇಷ್ಟರು ಗೋಡೆಗೆ ಒರಗಿ ಕೂತಿದ್ದೆವು. ನಾನು ಕಿಟಕಿಯ ಹತ್ತಿರ. ಅಧಿಕಾರಿ ಇಂಗ್ಲಿಷಿನಲ್ಲೇ ಕೇಳಿದರು — ಕೀಲಿಯನ್ನು ಯಾರಿಗಾದರೂ ಕೊಟ್ಟಿದ್ದಿರಾ?

ತಾರು ಮಾಷ್ ಎದ್ದು ನಿಂತರು. “ಟು ಎ ಕಲೀಗ್,” ಎಂದರು. ಒಬ್ಬ ಸಹೋದ್ಯೋಗಿಗೆ.

“ಯಾವ ಸಹೋದ್ಯೋಗಿ?”

ಮಾಷ್ ಕನ್ನಡಕವನ್ನು ಹಣೆಗೇರಿಸಿದರು. ಆಮೇಲೆ ಹೇಳಿದರು, “ಸಾರ್, ‘ಎ’ ಅಂದ್ರೆ ನನಗೆ ಗೊತ್ತು, ನಿಮಗೆ ಗೊತ್ತಿಲ್ಲ ಅಂತ. ಅದು ‘ದಿ’ ಆಗಬೇಕಾದ್ರೆ ಆ ಮನುಷ್ಯ ತಾನೇ ಎದ್ದು ನಿಲ್ಲಬೇಕು. ನಾನು ಕೈ ಮಾಡಿ ತೋರಿಸಲ್ಲ.”

“ನನಗೇ ಗ್ರಾಮರ್ ಹೇಳಿಕೊಡ್ತೀರೇನ್ರೀ?”

“ಇಲ್ಲ ಸಾರ್. ಕಾಯ್ತಿದ್ದೀನಿ.”

ಕಾಯುತ್ತಿದ್ದೇನೆ ಎಂದರು. ಅರ್ಥವಾಯಿತೇ ನಿಮಗೆ? ಹನ್ನೊಂದು ಜನರ ಮಧ್ಯೆ ನಿಂತು, ನನಗೊಂದು ಅವಕಾಶ ಕೊಟ್ಟು, ಕಾದರು. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಎದ್ದು ನಿಲ್ಲುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನಿಲ್ಲುತ್ತಿರಲಿಲ್ಲ. ಕುಂಬಳಕಾಯಿ ಕಳ್ಳನಾದರೂ ಹೆಗಲು ಮುಟ್ಟಿ ನೋಡಿಕೊಂಡು ಸಿಕ್ಕಿಬಿದ್ದ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಕಿಟಕಿಯಾಚೆ ಗೇರುಮರ ನೋಡುತ್ತ ಕೂತೆ. ಹೆಂಡತಿಗೆ ಏಳು ತಿಂಗಳು, ಕೆಲಸ ಹೋದರೆ ಅವಳ ಗತಿಯೇನು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಬಸುರಿ ಹೆಂಗಸಿನ ಬೆನ್ನ ಹಿಂದೆ ಅಡಗಿಕೊಂಡ ಗಂಡಸು ನಾನು.

ಗುಮಾಸ್ತ ಹೇಳಿಕೆ ಟೈಪು ಮಾಡಿ ಸಹಿಗೆ ಕೊಟ್ಟ. ‘ಪ್ರಾಮಾಣಿಕ ಶಿಕ್ಷಕನಂತೆ ನಡೆದುಕೊಳ್ಳಲಿಲ್ಲ’ ಎಂಬುದು ಕೊನೆಯ ಸಾಲು. ಇಂಗ್ಲಿಷಿನಲ್ಲಿ ‘ಎ ಆನೆಸ್ಟ್ ಟೀಚರ್’ ಎಂದು ಹೊಡೆದಿದ್ದ. ಮಾಷ್ ಪೂರ್ತಿ ಓದಿದರು. ಜೇಬಿನಿಂದ ಪೆನ್ನು ತೆಗೆದರು. ಎಲ್ಲರೂ ವಾದ ಮಾಡುತ್ತಾರೆ ಎಂದುಕೊಂಡೆವು. ‘ಎ’ ಹೊಡೆದುಹಾಕಿ ಮೇಲೆ ‘ಆ್ಯನ್’ ಎಂದು ಬರೆದರು, ಕೆಳಗೆ ಸಹಿ ಮಾಡಿದರು. “ಎಚ್ ಸೈಲೆಂಟ್ ಮಗು,” ಎಂದು ಗುಮಾಸ್ತನಿಗೆ ಹೇಳಿ ಕಾಗದ ಕೊಟ್ಟರು. ಆ ದಿನ ನಾವು ಸ್ಟಾಫ್‌ರೂಮಿನಲ್ಲಿ ಇದನ್ನು ಹೇಳಿಕೊಂಡು ನಕ್ಕೆವು. ನಾನೂ ನಕ್ಕೆ. ಅದನ್ನೂ ಸೇರಿಸಿ ಹೇಳುತ್ತಿದ್ದೇನೆ.

ಎಂಟು ತಿಂಗಳು ಸಸ್ಪೆನ್ಷನ್. ನಡುವೆ ಒಂದು ದಿನ ಯಾವುದೋ ಸಹಿಗೆ ಕರೆಸಿದ್ದರು. ಗೇಟಿನ ಹತ್ತಿರ ಎದುರಾದರು. ಇಸ್ತ್ರಿ ಇಲ್ಲದ ಅಂಗಿ.

“ನೋಡು ಮಾಷೆ, ನಾನು ಹುಡುಗರಿಗೆ ಹೇಳ್ತಿದ್ನಲ್ಲ. ಕಲಿಯೋಕೆ ಕಲಿಸೋಕೆ ಹೋಗೋರು ‘ಟು ಸ್ಕೂಲ್’. ಬೇರೆ ಕೆಲಸಕ್ಕೆ ಹೋಗೋರು ‘ಟು ದಿ ಸ್ಕೂಲ್’ — ಹಂಚು ಹೊದಿಸೋನು, ಹಾವು ಹಿಡಿಯೋನು. ನಾನೀಗ ಆ ಲೆಕ್ಕಕ್ಕೆ ಬಂದೆ.” ಎಂದು ನಕ್ಕರು. ಒಂದು ನಿಮಿಷ ನಿಂತರು. ನಾನು ಏನಾದರೂ ಹೇಳುತ್ತೇನೆಂದು ನಿಂತದ್ದು. ನಾನು, ಬೆಲ್ಲು ಹೊಡೀತು ಮಾಷೆ, ಎಂದೆ. ಬೆಲ್ಲು ಹೊಡೆದಿರಲಿಲ್ಲ.

ಶೀಬಾ, ಇನ್ನು ನಿನ್ನ ವಿಷಯ. ನೀನಾಗ ಒಂಬತ್ತನೇ ಕ್ಲಾಸು. ಎರಡು ಜಡೆ, ನೀಲಿ ಲಂಗ. ನಿನ್ನ ಹಿಂದೆ ಹುಡುಗರ ಗುಂಪು ಅದೇ ತಾಳ ಹಾಕುತ್ತ ಬರುತ್ತಿತ್ತು — ಎ, ದಿ, ದಿ, ಆ್ಯನ್, ನಿಮ್ಮಪ್ಪ ಕೊಟ್ಟ ಗೆಸ್ಸು ಫೈನ್! ಪ್ರೆಸ್ಸಿನ ತಿರುವಿನಲ್ಲಿ ನಾನು ಎದುರಿಗೆ ಬರುತ್ತಿದ್ದೆ. ನೀನು ನನ್ನನ್ನು ನೋಡಿದೆ. ಮೇಷ್ಟರು ಬಂದರು, ಇವರನ್ನು ಗದರುತ್ತಾರೆ ಎಂದು ನಿನ್ನ ಮುಖ ಅರಳಿತು. ಒಂದು ‘ಏಯ್’ ಎಂದಿದ್ದರೆ ಸಾಕಿತ್ತು, ಆ ಪುಂಡರೆಲ್ಲ ನನ್ನದೇ ಕ್ಲಾಸಿನವರು. ನಾನು ಚಹಾ ಅಂಗಡಿಯೊಳಗೆ ನುಗ್ಗಿದೆ. ಎರಡು ಪರಿಪ್ಪುವಡೆ ಕೇಳಿದೆ. ಹಸಿವೂ ಇರಲಿಲ್ಲ. ನೀನು ಹೋಗುವವರೆಗೆ ಬೆನ್ನು ತಿರುಗಿಸಿ ನಿಂತು ತಿಂದೆ. ಮುಂದಿನ ತಿಂಗಳು ನಿನ್ನನ್ನು ಪಳಞ್ಞಿಯ ಅತ್ತೆಯ ಮನೆಗೆ ಓದಲು ಕಳಿಸಿದರೆಂದು ಕೇಳಿದೆ. ಒಳ್ಳೆಯದಾಯಿತು ಎನ್ನಿಸಿತು — ನನಗೆ! ಇನ್ನು ದಾರಿಯಲ್ಲಿ ನೀನು ಸಿಗುವುದಿಲ್ಲ ಎಂದು. ಥೂ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಮಾಷ್ ಮತ್ತೆ ಕೆಲಸಕ್ಕೆ ಬಂದರು, ಆದರೆ ಸರ್ವೀಸ್ ಪುಸ್ತಕದಲ್ಲಿ ಛೀಮಾರಿ ಕೂತಿತು. ಮುಖ್ಯೋಪಾಧ್ಯಾಯರ ಕುರ್ಚಿ ಬರುವ ಹೊತ್ತಿಗೆ ಅವರನ್ನು ದಾಟಿ ಇನ್ನೊಬ್ಬರಿಗೆ ಹೋಯಿತು. ಊರಿನಲ್ಲಿ ಹೆಸರು ‘ಗೆಸ್ ಮಾಷ್’. ವರ್ಷಗಳು ಉರುಳಿ ಅದೇ ಕುರ್ಚಿ ನನಗೆ ಬಂತು. ಒಂಬತ್ತು ವರ್ಷ ಕೂತೆ. ಪ್ರತಿ ಕ್ರಿಸ್‌ಮಸ್ ಪರೀಕ್ಷೆಗೆ ಬೀರುವಿನ ಕೀಲಿ ನನ್ನ ಜೇಬಿನಲ್ಲಿ! ಮಕ್ಕಳಿಗೆ ಪ್ರಾಮಾಣಿಕತೆಯ ಮೇಲೆ ಭಾಷಣ ಬೇರೆ ಮಾಡಿದ್ದೇನೆ, ಮತ್ತು ಆ ಭಾಷಣದ ಇಂಗ್ಲಿಷನ್ನು ತಿದ್ದಿಸಿಕೊಂಡು ಬರಲು ತಾರು ಮಾಷ್ ಮನೆಗೇ ಹೋಗಿದ್ದೇನೆ. ಅವರು ತಿದ್ದಿಕೊಟ್ಟರು. “ಇಲ್ಲಿ ‘ದಿ’ ಬೇಡ ಮಾಷೆ, ಪ್ರಾಮಾಣಿಕತೆಗೆ ಆರ್ಟಿಕಲ್ ಇಲ್ಲ,” ಎಂದರು. ಚೇಡತ್ತಿ, ನೀವು ಕಪ್ಪು ಚಹಾ ಕೊಟ್ಟಿರಿ. ಕುಡಿದೆ.

ಹೋದ ತಿಂಗಳು ಆಸ್ಪತ್ರೆಗೆ ಹೋಗಿದ್ದೆ. ಚೇಡತ್ತಿ, ನೀವು ಔಷಧಿ ತರಲು ಕೆಳಗೆ ಹೋಗಿದ್ದಿರಿ. ಹಾಸಿಗೆಯಲ್ಲಿ ಮಾಷ್ ಇಷ್ಟೇ ಇಷ್ಟಾಗಿದ್ದರು. ನನಗೆ ತಡೆಯಲಾಗಲಿಲ್ಲ.

“ಮಾಷೆ, ಆ ಕೀಲಿ... ಅವತ್ತು ನಾನು...”

ಕೈ ಎತ್ತಿ ತಡೆದರು. “ನನಗ್ಯಾಕೆ ಹೇಳ್ತೀಯ? ನನಗೆ ಗೊತ್ತಿರೋದೇ. ಗೊತ್ತಿಲ್ಲದೋರಿಗೆ ಹೇಳು. ತಾಂಡಮ್ಮಂಗೂ ನಾನು ಹೇಳಿಲ್ಲ.”

“ಯಾಕೆ ಮಾಷೆ ಹೇಳಲಿಲ್ಲ? ಅವರಿಗಾದ್ರೂ...”

“ಅವಳು ನಿಂಗೆ ಚಹಾ ಕೊಡ್ತಿರ್ಲಿಲ್ಲ,” ಎಂದರು. ನಗಲು ಹೋಗಿ ಕೆಮ್ಮು ಬಂತು. ನೀರು ಕುಡಿಸಿದೆ. ಆಮೇಲೆ ಮೆಲ್ಲಗೆ ಹೇಳಿದರು, “ಹೇಳೋದಿದ್ರೆ ಬೇಗ ಹೇಳು ಮಾಷೆ. ನಾನೂ ಕೇಳ್ತಿದ್ದೆ.”

ಬೇಗ ಹೇಳು ಎಂದರು. ನಾನೂ ಕೇಳುತ್ತಿದ್ದೆ ಎಂದರು. ಹನ್ನೊಂದು ದಿನ ಬದುಕಿದ್ದರು ಅವರು, ಅದಾದ ಮೇಲೆ ಹನ್ನೊಂದು ದಿನ! ನಾಳೆ ಹೇಳೋಣ, ಭಾನುವಾರ ಹೇಳೋಣ, ಶೀಬಾ ಬರಲಿ ಹೇಳೋಣ. ಹನ್ನೆರಡನೇ ದಿನ ಚರ್ಚಿನ ಗಂಟೆ ಹೊಡೆಯಿತು. ಈಗ ಅವರಿಗೆ ಕೇಳಿಸದ ಹೊತ್ತಿನಲ್ಲಿ ಮೈಕು ಹಿಡಿದು ಹೇಳುತ್ತಿದ್ದೇನೆ. ಇದಕ್ಕೆ ಧೈರ್ಯ ಎನ್ನಬೇಡಿ.

ಇವತ್ತು ಬೆಳಿಗ್ಗೆ ಇಲಾಖೆಗೆ ಕಾಗದ ಹಾಕಿದ್ದೇನೆ, ರಿಜಿಸ್ಟರ್ಡ್ ಅಂಚೆಯಲ್ಲಿ. ಅವರ ದಾಖಲೆ ತಿದ್ದಿ, ನನ್ನ ಮೇಲೆ ಯಾವ ಕ್ರಮ ಬೇಕಾದರೂ ಕೈಗೊಳ್ಳಿ ಎಂದು ಬರೆದಿದ್ದೇನೆ. ಬರೆಯುವಾಗಲೂ ಕೈ ಏನು ಮಾಡಿತು ಗೊತ್ತೇ? ‘ಕೀಲಿ ಪಡೆದ ಒಬ್ಬ ಸಹೋದ್ಯೋಗಿ’ ಎಂದೇ ಬರೆಯಿತು. ‘ಎ’! ಮೂವತ್ತೊಂದು ವರ್ಷದ ಅಭ್ಯಾಸ. ಕಾಗದ ಹರಿದು ಮತ್ತೆ ಬರೆದೆ. ಅದರ ಪ್ರತಿ ಇಲ್ಲಿದೆ. ಚೇಡತ್ತಿ, ನಿಮ್ಮ ಮುಂದೆ ಈ ಮೇಜಿನ ಮೇಲೆ ಇಡುತ್ತೇನೆ. ಬೇಕೆನಿಸಿದರೆ ತೆಗೆದುಕೊಳ್ಳಿ. ಹರಿದು ನನ್ನ ಮುಖಕ್ಕೆಸೆದರೂ ಸರಿಯೇ.

ಏನಮ್ಮ ಶೀಬಾ?

— ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ, ಅವಳು ಹೇಳಿದ್ದನ್ನು ನಾನೇ ಹೇಳುತ್ತೇನೆ. “ಅಪ್ಪನ್ನ ಊರೆಲ್ಲ ಹೆಸರು ಹಿಡಿದು ಆಡಿಕೊಂಡ್ರು. ನೀವು ಆಗಿಂದ ನಾನು, ನಾನು ಅಂತಿದ್ದೀರಿ. ನಾನು ಅಂತ ಯಾರು ಬೇಕಾದ್ರೂ ಅನ್ನಬಹುದು. ನಿಮ್ಮ ಹೆಸರು ಹೇಳಿ ಮಾಷೆ,” ಎನ್ನುತ್ತಿದ್ದಾಳೆ.

ಸರಿಯಾಗಿಯೇ ಕೇಳಿದ್ದಾಳೆ. ತಾರು ಮಾಷ್ ಮಗಳಲ್ಲವೇ. ಹೆಸರಿನ ಹಿಂದೆ ‘ಎ’ಯೂ ಇಲ್ಲ, ‘ದಿ’ಯೂ ಇಲ್ಲ, ಅಡಗಿಕೊಳ್ಳಲು ಜಾಗವೇ ಇಲ್ಲ. ಹೇಳುತ್ತೇನೆ. ಕೀಲಿ ತೆಗೆದುಕೊಂಡವನು, ಪತ್ರಿಕೆ ಕದ್ದವನು, ಅವತ್ತು ಎದ್ದು ನಿಲ್ಲದವನು — ರಘೂತ್ತಮನ್. ಕೋಲಾಡಿ ಮನೆಯ ರಘೂತ್ತಮನ್.

ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ. ಅದನ್ನು ಕೊಡಬೇಕಾದವರು ಫೋಟೋದಲ್ಲಿದ್ದಾರೆ. ಈಗ ಸಭೆಯ ಪರವಾಗಿ ಮೌನಾಚರಣೆಗೆ ಕರೆಯುವ ಕೆಲಸವನ್ನು ಕಾರ್ಯದರ್ಶಿಗಳು ನನಗೆ ವಹಿಸಿದ್ದರು. ಇಷ್ಟೆಲ್ಲ ಕೇಳಿದ ಮೇಲೆ ನಾನು ಕರೆದರೆ ನೀವು ಏಳಬೇಕಾಗಿಲ್ಲ. ನನ್ನ ಮಾತಿಗೆ ಬೇಡ, ತಾರು ಮಾಷ್ ಅವರಿಗಾಗಿ ಏಳಿ.

ಎಲ್ಲರೂ ಎದ್ದು ನಿಲ್ಲಿ. ಚೇಡತ್ತಿ, ನಿಮಗೆ ಮಂಡಿ ನೋವು, ನೀವು ಕೂತೇ ಇರಿ... ಆಯಿತು, ಶೀಬಾ, ಅಮ್ಮನ ಕೈ ಹಿಡಿದುಕೋ.

ಅವರು ನನಗಾಗಿ ಮೂವತ್ತೊಂದು ವರ್ಷ ಸುಮ್ಮನಿದ್ದರು. ನಾವು ಅವರಿಗಾಗಿ ಎರಡು ನಿಮಿಷ ಸುಮ್ಮನಿರೋಣ.